ನೀರು ಬಿಡುವವರು

ಜಾಲಿಕೆರೆ, ಕುಷ್ಟಗಿ ತಾಲೂಕು
4 ಆಗಸ್ಟ್ 2025

ಪೂಜ್ಯ ಕೃಷ್ಣ ಮಾಸ್ತರರಿಗೆ,

ನಿಮ್ಮ ಹಳೆಯ ವಿದ್ಯಾರ್ಥಿನಿ ಹುಲಗಮ್ಮಳ ನಮಸ್ಕಾರಗಳು. ನೆನಪಿದೆಯಲ್ಲ? ಏಳನೇ ಇಯತ್ತೆಯಲ್ಲಿ ನಾನು ಬರೆದ ಅರ್ಜಿಗಳು ಪಂಚಾಯಿತಿ ಅಧ್ಯಕ್ಷರ ಕೈ ಸೇರಿದವೆಂದು ಹೇಳಿ, ಅವರು ಮೆಚ್ಚಿ ಕೊಟ್ಟ ಪೆನ್ನನ್ನು ನೀವೇ ಎಲ್ಲರೆದುರು ನನ್ನ ಕೈಗಿಟ್ಟಿದ್ದಿರಿ. ಆ ವರ್ಷವೇ ಊರಿಗೆ ಬಸ್ಸು ಬಂತು. ನನ್ನನ್ನು ‘ಬಸ್ ತಂದ ಹುಡುಗಿ’ ಅಂತ ಕರೆದರು. ಆ ಪೆನ್ನು ಇನ್ನೂ ನನ್ನ ಟ್ರಂಕಿನಲ್ಲಿದೆ.

ಫೋನು ಮಾಡಿದ್ದೆ. ನಿಮ್ಮ ತಂಗಿ ಎತ್ತಿಕೊಂಡರು. “ಅಣ್ಣಗ ಕಿವಿ ಪೂರಾ ಹೋಗ್ಯಾವ್ರಿ. ಪತ್ರ ಬರೀರಿ, ಓದತಾನ” ಅಂದರು. ಬರೆಯುವುದೇ ಒಳ್ಳೆಯದಾಯಿತು. ಈಗ ಈ ಊರಿನಲ್ಲಿ ಫೋನಿನಲ್ಲಿ ಮಾತಾಡಿದರೆ ಗೋಡೆಯಾಚೆ ಯಾರೋ ಕೆಮ್ಮುತ್ತಾರೆ.

ವಿಷಯಕ್ಕೆ ಬರುತ್ತೇನೆ. ನಾಲ್ಕು ವರ್ಷದಿಂದ ಊರಿಗೆ ನೀರು ಬಿಡುವ ಕೆಲಸ ನನ್ನದು. ನಮ್ಮ ಮಾವ ಓಬಳೆಪ್ಪನವರ ಮೊಣಕಾಲು ಸೋತ ಮೇಲೆ ಬೆಳಗಿನ ಐದಕ್ಕೆ ಏಳಲು ಬೇರೆ ಯಾರೂ ಒಪ್ಪಲಿಲ್ಲ. ನನ್ನ ಯಜಮಾನರು ವಿರುಪಾಕ್ಷಿ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ, ಊರಿಗೆ ತಿಂಗಳಿಗೊಮ್ಮೆ ಬರುತ್ತಾರೆ. ಹಾಗಾಗಿ ಕೀಲಿಕೈ ನನಗೆ ಬಂತು. ಕೆರೆ ಒಡ್ಡಿನ ಮೇಲಿನ ನೀರಿನ ಟಾಕಿ ತುಂಬಿಸುತ್ತೇನೆ, ಓಣಿ ಓಣಿಗೆ ವಾಲ್ ತಿರುವುತ್ತೇನೆ, ತಿಂಗಳಿಗೆ ಎರಡು ಸಲ ಒಳಗಿಳಿದು ತೊಳೆಯುತ್ತೇನೆ. ಹೆಂಗಸು ವಾಟರ್‌ಮನ್ ಆದಳೆಂದು ಮೊದಮೊದಲು ನಕ್ಕವರು ಈಗ ಕೊಡ ಹಿಡಿದು ನನ್ನ ದಾರಿ ಕಾಯುತ್ತಾರೆ. ಊರಲ್ಲಿ ನನ್ನ ಮಾತಿಗೆ ಒಂದು ಬೆಲೆ ಇದ್ದರೆ ಅದು ಈ ಕೀಲಿಕೈಯಿಂದ.

ಹೋದ ವಾರ, ತಪಾಸಣೆಗೆ ಸಾಹೇಬರು ಬರುತ್ತಾರೆಂದು ಪಂಚಾಯಿತಿಗೆ ಬಣ್ಣ ಹೊಡೆದರು. ಗೋಡೆಯ ಮೇಲಿದ್ದ ದೂರು ಪೆಟ್ಟಿಗೆ ಇಳಿಸಿದಾಗ ಅದರ ಕೀಲಿ ಸಿಗಲಿಲ್ಲ. ಬಿಲ್ ಕಲೆಕ್ಟರ್ ಯಂಕೇಶ ಬೀಗ ಒಡೆದ. ಒಳಗೆ ಗೆದ್ದಲು ತಿಂದ ಹೊಟ್ಟು, ಅದರೊಳಗೆ ಒಂದು ಮೂಕರ್ಜಿ, ಅಂದರೆ ಹೆಸರಿಲ್ಲದ ಅರ್ಜಿ. ತಾರೀಖಿದ್ದ ಮೂಲೆಯನ್ನು ಗೆದ್ದಲು ತಿಂದಿದೆ. ನನ್ನ ಹಣೆಬರಹಕ್ಕೆ ಉಳಿದ ಸಾಲು ಒಂದೂ ಅಳಿದಿಲ್ಲ. ಹೀಗಿದೆ:

“ನಮ್ಮೂರಿನಲ್ಲಿ ನೀರು ಬಿಡುವವರು ಟಾಕಿಯನ್ನು ತೊಳೆಯದೆ ಮೂರು ತಿಂಗಳಾಗಿದೆ. ಅದರಲ್ಲಿ ಪಾರಿವಾಳ ಸತ್ತು ಬಿದ್ದಿದೆ. ಅವರನ್ನು ಕೇಳಿದರೆ ಗದರಿಸುತ್ತಾರೆ. ದಯಮಾಡಿ ಅವರಿಗೆ ತಿಳಿಹೇಳಬೇಕು, ಇಲ್ಲವಾದರೆ ಆ ಕೆಲಸಕ್ಕೆ ಬೇರೆಯವರನ್ನು ನೇಮಿಸಬೇಕು. ಇಂತಿ, ಊರಿನ ಹಿತೈಷಿ.”

ಹಿತೈಷಿಯಂತೆ! ನಮ್ಮ ಪಂಚಾಯಿತಿಯ ಪಿಡಿಒ ಸಾಹೇಬರು ಹೊಸಬರು, ಬಂದು ಮೂರು ತಿಂಗಳು. ನನಗೆ ನೋಟೀಸು ಕೊಟ್ಟಿದ್ದಾರೆ. ಸೆಪ್ಟೆಂಬರ್ 25ರ ಸಭೆಯಲ್ಲಿ ತೀರ್ಮಾನ. ದೂರು ನಿಜವೆಂದಾದರೆ ಕೀಲಿಕೈ ಒಪ್ಪಿಸಬೇಕು. ಯಾರೋ ಅದರ ಫೋಟೋವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಕೆರೆಯ ದಂಡೆಗೆ ಬಟ್ಟೆ ಒಗೆಯಲು ಹೋದರೆ ಭೀಮಕ್ಕ ಮತ್ತು ಅವಳ ಸಂಗಡದವರು ಮಾತು ನಿಲ್ಲಿಸಿ ಸಬಕಾರ ತಿಕ್ಕತೊಡಗುತ್ತಾರೆ. ಒಡ್ಡಿನ ಕಟ್ಟೆಯ ಮೇಲೆ ಕುಳಿತವರು “ಪಾರಿವಾಳದ ಸಾರು ಕುಡದೀವಿ ಬಿಡ್ರಪಾ” ಅಂತ ನಗುತ್ತಾರೆ.

ಮಾಸ್ತರರೇ, ಅದರ ಝೆರಾಕ್ಸ್ ಇಟ್ಟಿದ್ದೇನೆ. ಹತ್ತೊಂಬತ್ತು ವರ್ಷ ಈ ಊರಿಗೆ ಅಕ್ಷರ ಕಲಿಸಿದವರು ನೀವು. ಯಾರ ಕೈ ಎಂದು ನೋಡಿದ ಕೂಡಲೇ ಹೇಳುತ್ತೀರಿ. ಅಕ್ಷರಗಳೇನೋ ಮುತ್ತಿನ ಹಾಗಿವೆ. ‘ಳ’ ಮಾತ್ರ ನೋಡಿ, ಎಮ್ಮೆ ಬಾಲ ಇಳಿಬಿಟ್ಟ ಹಾಗೆ. ಹೊಟ್ಟೆಕಿಚ್ಚಿನಿಂದ ಬರೆದರೂ ಇಷ್ಟು ಚಂದ ಬರುತ್ತದೆಯೇ?

ಬೇಗ ಬರೆಯಿರಿ.

ನಿಮ್ಮ ವಿಧೇಯ,
ಹುಲಗಮ್ಮ


ಮಂಗಳೂರು, ಯಲಬುರ್ಗಾ ಕಡೆಯದು
11 ಆಗಸ್ಟ್ 2025

ಚಿ. ಹುಲಗಮ್ಮಳಿಗೆ ಆಶೀರ್ವಾದಗಳು.

ಪತ್ರ ತಲುಪಿತು. ಇಷ್ಟು ವರ್ಷದ ಮೇಲೆ ನನ್ನನ್ನು ನೆನೆಸಿಕೊಂಡೆಯಲ್ಲ, ಸಂತೋಷವಾಯಿತು. ಓಬಳೆಪ್ಪನವರ ಆರೋಗ್ಯ ಕೇಳಿದೆನೆಂದು ಹೇಳು. ಜಾಲಿಕೆರೆಗೆ ಬಂದ ಮೊದಲ ಆರು ವರ್ಷ ಅವರ ಮನೆಯ ಪಡಸಾಲೆಯಲ್ಲೇ ಇದ್ದವನು ನಾನು, ಅವರ ಮನೆಯ ರೊಟ್ಟಿಯನ್ನೇ ತಿಂದವನು.

ನಾನು ಇಲ್ಲಿ ತಂಗಿಯ ಕಿರಾಣಿ ಅಂಗಡಿಯಲ್ಲಿ ಕುಳಿತು ಪೊಟ್ಟಣ ಕಟ್ಟುತ್ತೇನೆ. ಗಿರಾಕಿಗಳು ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಾರೆ. ಅವರ ಕಾಗುಣಿತ ತಿದ್ದಿ ಸಾಮಾನು ಕೊಡುತ್ತೇನೆ. ತಂಗಿ ಬೈಯುತ್ತಾಳಂತೆ. ನನಗೆ ಕೇಳಿಸುವುದಿಲ್ಲ.

ಆ ಅರ್ಜಿಯ ವಿಷಯ. ನನ್ನ ಕನ್ನಡಕದ ಒಂದು ಗಾಜು ಒಡೆದಿದೆ. ಝೆರಾಕ್ಸ್ ಕೂಡ ಮಸುಕು. ಅಕ್ಷರ ಯಾರದೆಂದು ಹೇಳುವುದು ಕಷ್ಟ. ಊರಿನ ಅರ್ಧ ಮಂದಿ ನನ್ನ ಹಲಗೆ ನೋಡಿ ಕಲಿತವರು, ಎಲ್ಲರದೂ ಒಂದೇ ಅಚ್ಚು. ಬರೆದವರು ಯಾರೇ ಇರಲಿ, ಹನ್ನೊಂದು ಸಾಲಿನಲ್ಲಿ ಒಂದು ಕಾಗುಣಿತ ತಪ್ಪು ಮಾಡಿಲ್ಲ.

ಯಾರೆಂದು ಹುಡುಕಲು ಹೋಗಬೇಡ. ನಿನ್ನ ಕೆಲಸ ಶುದ್ಧವಿದ್ದರೆ ಯಾರಿಗೆ ಏಕೆ ಹೆದರಬೇಕು? ಸಭೆಯಲ್ಲಿ ಟಾಕಿ ತೊಳೆದ ದಿನಗಳ ಪಟ್ಟಿ ಕೊಡು. ಸಾಕು.

ಶುಭ ಹಾರೈಸುವ,
ಕೃಷ್ಣ ಮಾಸ್ತರ


ಜಾಲಿಕೆರೆ
17 ಆಗಸ್ಟ್ 2025

ಪೂಜ್ಯ ಮಾಸ್ತರರಿಗೆ ನಮಸ್ಕಾರಗಳು.

ನಿಮ್ಮ ಬುದ್ಧಿಮಾತು ಓದಿದೆ. ಆದರೆ ಹುಡುಕಬೇಡ ಎಂದರೆ ಹೇಗೆ? ಬೆಳಗ್ಗೆ ವಾಲ್ ತಿರುವುವಾಗ ಪ್ರತಿಯೊಂದು ಬಾಗಿಲು ನೋಡುತ್ತೇನೆ. ಇವರೋ, ಅವರೋ? ಮೊನ್ನೆ ಕೆರೆಯಲ್ಲಿ ಮೀನು ಹಿಡಿಯುವವರು ಬಲೆ ಎಳೆದರು. ಊರೆಲ್ಲ ದಂಡೆಯ ಮೇಲಿತ್ತು. ಬಲೆಯೊಳಗೆ ಏನು ಬಂತು ಅಂತ ಎಲ್ಲರೂ ನೋಡುತ್ತಿದ್ದರೆ ನಾನು ನೋಡುವವರ ಮುಖ ನೋಡುತ್ತಿದ್ದೆ.

ಮೊದಲು ಮೆಂಬರ್ ಕನಕಪ್ಪನ ಮೇಲೆ ಗುಮಾನಿ ಇತ್ತು. ಅವನ ಅಳಿಯ ಖಾಲಿ ತಿರುಗುತ್ತಿದ್ದಾನೆ, ಈ ಕೆಲಸದ ಮೇಲೆ ಕಣ್ಣಿದೆ. ಆದರೆ ಕನಕಪ್ಪ ನೆಟ್ಟಗೆ ಸಹಿ ಮಾಡಲು ಬಾರದವನು. ಬರೆಸಿದರೂ ‘ಹಿತೈಷಿ’ ಎಂಬ ಮಾತು ಅವನ ಬಾಯಲ್ಲಿ ಹೊರಳುವುದಿಲ್ಲ.

ಆಮೇಲೆ ಅರ್ಜಿಯನ್ನು ಇಪ್ಪತ್ತು ಸಲ ಓದಿದೆ. ಇಪ್ಪತ್ತನೇ ಸಲಕ್ಕೆ ಕಣ್ಣಿಗೆ ಬಿತ್ತು. ‘ನೀರು ಬಿಡುವವರು.’ ‘ಅವರನ್ನು ಕೇಳಿದರೆ.’ ‘ಅವರಿಗೆ ತಿಳಿಹೇಳಬೇಕು.’ ಮಾಸ್ತರರೇ, ನನ್ನನ್ನು ‘ಅವರು’ ಅನ್ನುವವರು ಈ ಊರಿನಲ್ಲಿ ಯಾರಿದ್ದಾರೆ? ನಮ್ಮ ಕಡೆ ಎದುರಿಗೆ ಎಲ್ಲರೂ ‘ರಿ’ ಹಚ್ಚುತ್ತಾರೆ. ಬೆನ್ನು ತಿರುಗಿತೋ, “ಅಕಿ ಇನ್ನೂ ನೀರ ಬಿಟ್ಟಿಲ್ಲೇನು?” ಅಕಿ, ಹುಲಗಿ, ಓಬಳೆಪ್ಪನ ಸೊಸಿ. ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡು ಬರೆಯುವವರು ಮೂರು ಸಲ ‘ಅವರು’ ಎಂದು ಬರೆಯುತ್ತಾರೆಯೇ? ಅದು ರೂಢಿಯಾದವರಿಂದ ಮಾತ್ರ ಸಾಧ್ಯ.

ಅಂಥವರು ಒಬ್ಬರೇ ಇದ್ದಾರೆ. ನಮ್ಮ ಗ್ರಂಥಾಲಯದ ಮೇಲ್ವಿಚಾರಕಿ ವಿಜಯಲಕ್ಷ್ಮಿ. ಕುಷ್ಟಗಿಯವರು, ಬಂದು ಎರಡು ವರ್ಷ. ಸಣ್ಣ ಮಕ್ಕಳಿಗೂ ‘ನೀವು’ ಅನ್ನುತ್ತಾರೆ, ದನ ಕಾಯುವವರಿಗೂ ‘ಅವರು’ ಅನ್ನುತ್ತಾರೆ. ಪಂದ್ರಾ ಆಗಸ್ಟಿನ ದಿನ ಪಂಚಾಯಿತಿ ಮುಂದೆ ಝಂಡಾ ಏರಿಸಿದ ಮೇಲೆ ಎಲ್ಲರೂ ನನ್ನನ್ನು ದಾಟಿ ಹೋದರು. ಅವರೊಬ್ಬರೇ ಡಬ್ಬಿ ಹಿಡಿದು ಬಂದು, “ಹುಲಗಮ್ಮ ಅವ್ರ, ಪೇಡೆ ತಗೋರಿ. ನಿಮಗ ಹೀಂಗ ಆಗಬಾರದಿತ್ರಿ” ಅಂದರು. ಯಾಕೆ ಇಷ್ಟು ಕನಿಕರ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ ತಾನೆ? ಪೇಡೆಯನ್ನು ಸೆರಗಿನ ಗಂಟಿಗೆ ಹಾಕಿಕೊಂಡು ಬಂದೆ.

ನನಗೆ ಅಳು ಬರುತ್ತದೆ, ಮಾಸ್ತರರೇ. ಇದ್ದೊಬ್ಬ ಗೆಳತಿ ಅವರು. ಸಂಜೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು ನನಗೆ ಪುಸ್ತಕ ಓದಿ ಹೇಳುತ್ತಿದ್ದರು. ಮರುದಿನ ಹೋಗಿ ಅವರ ರಿಜಿಸ್ಟರ್ ತಿರುವಿದೆ. ಅವರ ‘ಳ’ಕ್ಕೆ ಎಮ್ಮೆ ಬಾಲ ಇಲ್ಲ. ಬೇಕಂತಲೇ ಅಕ್ಷರ ಬದಲಿಸಿದ್ದಾರೆ.

ನಮ್ಮ ಮಾವನವರಿಗೆ ಅರ್ಜಿ ಓದಿ ಹೇಳಿದೆ. “ಪಾರಿವಾಳಾ ನನ್ನ ಕಾಲದಾಗ ಬಿದ್ದಿತ್ತಲ್ಲವಾ. ಮಾಸ್ತರ ಹೇಳಿದ ಮ್ಯಾಲೆ ನಾನ ಇಳದು ತಗದ್ದೆ” ಅಂದರು. ಯಾವ ಮಾಸ್ತರು ಎಂದರೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳತೊಡಗುತ್ತಾರೆ. ಪಾಪ, ಸೊಸೆಯ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲು ನೋಡುತ್ತಿದ್ದಾರೆ. ಅಂದರೆ ಅವರಿಗೂ ನನ್ನ ಮೇಲೆ ನಂಬಿಕೆ ಇಲ್ಲ.

ನೀವು ವಿಜಯಲಕ್ಷ್ಮಿಯವರನ್ನು ನೋಡಿಲ್ಲ, ಪಕ್ಷಪಾತ ಇಲ್ಲದವರು. ಹೇಳಿ, ನಾನು ತಪ್ಪು ತಿಳಿದಿದ್ದೇನೆಯೇ?

ಹುಲಗಮ್ಮ


ಮಂಗಳೂರು
2 ಸೆಪ್ಟೆಂಬರ್ 2025

ಚಿ. ಹುಲಗಮ್ಮಳಿಗೆ,

ಉತ್ತರ ತಡವಾಯಿತು. ನಿನ್ನ ಪತ್ರ ಸಮುದ್ರದ ಮಂಗಳೂರಿಗೆ ಹೋಗಿ ತಿರುಗಿ ಬಂತು. ನಮ್ಮೂರಿನ ಪಾಡೇ ಇಷ್ಟು.

ಆ ಗ್ರಂಥಾಲಯದ ಹೆಣ್ಣುಮಗಳು ಬರೆದಿಲ್ಲ. ಅವರ ಮೇಲೆ ಅನುಮಾನ ಬೇಡ. ನನ್ನ ಮಾತು ನಂಬು. ಹೇಗೆ ಗೊತ್ತು ಎಂದು ಕೇಳಬೇಡ, ಇಷ್ಟು ವಯಸ್ಸಾದವನಿಗೆ ಕೆಲವು ಗೊತ್ತಾಗುತ್ತವೆ.

ಒಂದು ವಿಷಯ ತಿಳಿಸು. ಆ ದೂರು ಪೆಟ್ಟಿಗೆಯನ್ನು ಇದಕ್ಕೆ ಮುಂಚೆ ಯಾವಾಗ ತೆರೆದಿದ್ದರು? ಒಳಗಿದ್ದ ಹೊಟ್ಟು ಎಷ್ಟಿತ್ತು? ಪಿಡಿಒ ಸಾಹೇಬರ ಹತ್ತಿರ ಮೂಲ ಕಾಗದ ಇದೆಯೇ, ಅದರ ಬಣ್ಣ ಹೇಗಿದೆ? ಸುಮ್ಮನೆ ಕೇಳಿದೆ.

ಓಬಳೆಪ್ಪನವರ ಮಾತನ್ನು ತೀರಾ ತಳ್ಳಿಹಾಕಬೇಡ.

ಕೃಷ್ಣ


ಜಾಲಿಕೆರೆ
8 ಸೆಪ್ಟೆಂಬರ್ 2025

ಮಾಸ್ತರರಿಗೆ,

ಕಾಗದದ ಬಣ್ಣ ಹಳದಿ. ಬಿಸಿಲು ಬೀಳುವ ಗೋಡೆಯ ತಗಡಿನ ಪೆಟ್ಟಿಗೆಯಲ್ಲಿ ಒಂದು ಬೇಸಿಗೆ ಇದ್ದರೆ ಯಾವ ಕಾಗದವೂ ಹಳದಿಯಾಗುತ್ತದೆ. ಹೊಟ್ಟು ಒಂದು ಬೊಗಸೆ. ಪೆಟ್ಟಿಗೆ ಯಾವಾಗ ತೆರೆದಿದ್ದರೋ ನಾನೇನು ಬಲ್ಲೆ? ಅರ್ಜಿ ಬಂದರೆ ತೆರೆಯುತ್ತಾರೆ.

ಈಗ ನಾನು ಕೇಳುತ್ತೇನೆ. ನನ್ನ ಪತ್ರ ಸಮುದ್ರದ ಮಂಗಳೂರಿಗೆ ಹೋಗಲಿಲ್ಲ. ನಾನು ‘ಯಲಬುರ್ಗಾ ಕಡೆಯ ಮಂಗಳೂರು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ, ಅಂಚೆಯ ರಫೀ ನನ್ನೆದುರಿಗೇ ಪಿನ್ ಕೋಡ್ ಹಾಕಿದ. “ಮೂರ ದಿನಕ್ಕ ಮುಟ್ಟೇತ್ರಿ ಅಕ್ಕಾ, ಫೋನಿನ್ಯಾಗ ತೋರಸತೈತಿ” ಅಂತ ಹೇಳಿಯೂ ಹೋಗಿದ್ದಾನೆ. ಮತ್ತೆ ಹನ್ನೆರಡು ದಿನ ಏನು ಮಾಡಿದಿರಿ?

ಇನ್ನೊಂದು. ಕನ್ನಡಕದ ಗಾಜು ಒಡೆದಿದೆ, ಝೆರಾಕ್ಸ್ ಮಸುಕು ಅಂದಿರಿ. ಹಾಗಿದ್ದರೆ ಹನ್ನೊಂದು ಸಾಲು ಎಂದು ಹೇಗೆ ಎಣಿಸಿದಿರಿ? ಕಾಗುಣಿತ ಹೇಗೆ ನೋಡಿದಿರಿ?

ನಿಮಗೆ ಗೊತ್ತಿದೆ. ಯಾರೆಂದು ಗೊತ್ತಿದ್ದೂ ಮುಚ್ಚುತ್ತಿದ್ದೀರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಬರೆದವರು ನಿಮಗೆ ಬೇಕಾದವರಿರಬೇಕು. ಅಥವಾ ನೀವೇ. ಈ ಮಾತು ಬರೆದು ಒಮ್ಮೆ ಹೊಡೆದುಹಾಕಿದೆ, ಮತ್ತೆ ಬರೆದೆ.

ನಾನೂ ಸುಮ್ಮನೆ ಕುಳಿತಿಲ್ಲ. ನನಗೂ ಪೆನ್ನು ಹಿಡಿಯಲು ಬರುತ್ತದೆ. ಕಲಿಸಿದವರು ನೀವೇ ಅಲ್ಲವೇ?

ಹುಲಗಮ್ಮ


ಜಾಲಿಕೆರೆ
15 ಸೆಪ್ಟೆಂಬರ್ 2025

ಮಾಸ್ತರರಿಗೆ,

ನಿಮ್ಮಿಂದ ಉತ್ತರವಿಲ್ಲ. ಊರಿನ ಸುದ್ದಿ ಹೇಳುತ್ತೇನೆ. ದೂರು ಪೆಟ್ಟಿಗೆಗೆ ಹೊಸ ಬೀಗ ಹಾಕಿ, ಪಿಡಿಒ ಸಾಹೇಬರು ಸೋಮವಾರಕ್ಕೊಮ್ಮೆ ತಾವೇ ತೆರೆಯುತ್ತಾರೆ. ಇವತ್ತು ತೆರೆದಾಗ ಇನ್ನೊಂದು ಮೂಕರ್ಜಿ ಸಿಕ್ಕಿದೆ. ಗ್ರಂಥಾಲಯದವಳು ಹನ್ನೊಂದಕ್ಕೆ ಬಾಗಿಲು ತೆಗೆಯುತ್ತಾಳೆ, ಹೊಸ ಪುಸ್ತಕ ಕುಷ್ಟಗಿಗೆ ಸಾಗಿಸುತ್ತಾಳೆ ಅಂತ. ವಿಜಯಲಕ್ಷ್ಮಿಯವರಿಗೂ ನೋಟೀಸು ಹೋಯಿತು. 25ರಂದು ಎರಡೂ ವಿಷಯ ಒಂದೇ ಸಭೆಯಲ್ಲಿ.

ಸಂಜೆ ಗ್ರಂಥಾಲಯದ ಬಾಗಿಲು ಹಾಕಿತ್ತು. ಅವರು ಕೆರೆ ಒಡ್ಡಿನ ಮೇಲೆ ಒಬ್ಬರೇ ಕುಳಿತಿದ್ದರು. ನಾನು ಟಾಕಿಯ ಹಿಂದಿನಿಂದ ನೋಡಿದೆ. ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಗೊತ್ತಿದ್ದರೆ ಈಗಲಾದರೂ ಹೇಳಿ.

ಹು.


ಮಂಗಳೂರು
18 ಸೆಪ್ಟೆಂಬರ್ 2025

ಹುಲಗಮ್ಮಾ,

ಇವತ್ತು ನಿನ್ನ ಪತ್ರ ಬಂತು. ಆ ಎರಡನೇ ಅರ್ಜಿ ಯಾರದೆಂದು ಕೇಳುವುದಿಲ್ಲ. ಅದು ನನ್ನ ಹೇಡಿತನದ ಫಲ. ಅದಕ್ಕೇ ಇದನ್ನು ಒಂದೇ ಉಸಿರಿಗೆ ಬರೆಯುತ್ತಿದ್ದೇನೆ, ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತೇನೆ.

ಮೊದಲ ಅರ್ಜಿ ಬರೆದವಳು ನೀನು.

ತಲೆ ಕೆಟ್ಟಿದೆ ಅಂದುಕೊಳ್ಳಬೇಡ, ಪೂರ್ತಿ ಓದು. 2003ನೇ ಇಸವಿ. ಪ್ರತಿ ಶನಿವಾರ ನಿಮ್ಮ ವರ್ಗದ ಮಕ್ಕಳಿಂದ ಅರ್ಜಿ ಬರೆಸುತ್ತಿದ್ದೆ. ಬಸ್ಸಿಗೆ, ರೇಷನ್ ಅಂಗಡಿಗೆ, ಕೆರೆಯ ಮೆಟ್ಟಿಲಿಗೆ. ಆ ವರ್ಷ ನೀನೊಬ್ಬಳೇ ನಲವತ್ತು ಅರ್ಜಿ ಬರೆದಿದ್ದೆ, ಎಲ್ಲಿ ನೆನಪಿರಬೇಕು ನಿನಗೆ? ಒಂದು ಶನಿವಾರ ಕುಡಿಯುವ ನೀರಿನ ವಿಷಯ ಕೊಟ್ಟೆ. ಆಗ ನೀರು ಬಿಡುತ್ತಿದ್ದವರು ಓಬಳೆಪ್ಪನವರು. ಟಾಕಿಯಲ್ಲಿ ನಿಜವಾಗಿಯೂ ಪಾರಿವಾಳ ಬಿದ್ದಿತ್ತು. ‘ನೀರಿನ ಓಬಳೆಪ್ಪ’ ಎಂದು ಬರೆಯಲು ಹೊರಟವಳನ್ನು ತಡೆದು ನಾನು ಕಲಿಸಿದೆ, ದೂರು ಕೊಡುವಾಗಲೂ ಬಹುವಚನ ಬಿಡಬಾರದು, ‘ನೀರು ಬಿಡುವವರು’ ಎನ್ನು, ‘ಅವರು’ ಎನ್ನು. ಕೆಳಗೆ ಹೆಸರು ಬೇಡ, ಪರೀಕ್ಷೆಯಲ್ಲಿ ಹೆಸರು ಬರೆದರೆ ಅಂಕ ಹೋಗುತ್ತದೆ ಎಂದೂ ನಾನೇ ಹೇಳಿದೆ. ಹೀಗಾಗಿ ನೀನು ‘ಊರಿನ ಹಿತೈಷಿ’ಯಾದೆ. ನೀನು ಹುಡುಕುತ್ತಿದ್ದ ಆ ಗೌರವ ನೀನೇ ನಿನ್ನ ಮಾವನಿಗೆ ಕೊಟ್ಟದ್ದು. ಅವರು ಹೇಳಿದ ಮಾಸ್ತರು ನಾನೇ.

ನೀನು ಎಮ್ಮೆ ಬಾಲ ಎಂದು ಬೈದ ‘ಳ’ ನಿನ್ನದು. ಬೈದು ಬರೆದ ಪತ್ರದಲ್ಲೂ ಅದೇ ಬಾಲ ಇಳಿಬಿದ್ದಿದೆ. ವಾಲ್ ತಿರುವಿ ತಿರುವಿ ನಿನ್ನ ಬೆರಳು ಬಿಗಿದು ಅಕ್ಷರ ಬದಲಾಗಿವೆ, ಆ ಬಾಲ ಮಾತ್ರ ಬದಲಾಗಿಲ್ಲ. ಝೆರಾಕ್ಸ್ ಬಿಚ್ಚಿದ ಮೊದಲ ಕ್ಷಣಕ್ಕೇ ನನಗೆ ಗೊತ್ತಾಯಿತು. ಕನ್ನಡಕಕ್ಕೆ ಏನೂ ಆಗಿಲ್ಲ.

ಹಾಗಾದರೆ ಯಾಕೆ ಹೇಳಲಿಲ್ಲ? ಇದನ್ನು ಹೇಳಲೇ ನನಗೆ ಒಂದೂವರೆ ತಿಂಗಳು ಬೇಕಾಯಿತು. ನಿಮ್ಮ ಅರ್ಜಿಗಳನ್ನು ನಾನು ಅಧ್ಯಕ್ಷರಿಗೆ ಕೊಡಲೇ ಇಲ್ಲ. ಓಬಳೆಪ್ಪನವರ ಮನೆಯ ರೊಟ್ಟಿ ತಿನ್ನುತ್ತ ಅವರ ಮೇಲಿನ ದೂರು ಒಯ್ದು ಕೊಡಲು ಧೈರ್ಯವಾಗಲಿಲ್ಲ. ರೇಷನ್ ಅಂಗಡಿಯವರು ಬಲಿಷ್ಠರು, ಅದಕ್ಕೂ ಆಗಲಿಲ್ಲ. ವರ್ಷದ ಕೊನೆಗೆ ನಿನ್ನ ಅರ್ಜಿಗಳನ್ನು ಆ ದೂರು ಪೆಟ್ಟಿಗೆಗೆ ಹಾಕಿದೆ. ಅದರ ಕೀಲಿಕೈ ಕೆರೆಯಲ್ಲಿ ಬಿದ್ದು ಹೋಗಿದೆ, ಅದನ್ನು ಯಾರೂ ತೆರೆಯುವುದಿಲ್ಲ ಎಂದು ಊರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ. ಬಸ್ಸಿನ ಅರ್ಜಿಯೂ ಆ ಗೆದ್ದಲ ಹೊಟ್ಟಿನಲ್ಲೇ ಇದೆ. ಬಸ್ಸು ತಾನಾಗಿ ಬಂತು, ಅದು ಚುನಾವಣೆಗೆ ಮುಂಚಿನ ವರ್ಷ.

ಪೆನ್ನು ಅಧ್ಯಕ್ಷರದಲ್ಲ. ಕುಷ್ಟಗಿಯ ಬಸ್ ಸ್ಟ್ಯಾಂಡಿನಲ್ಲಿ ನಾನು ಕೊಂಡದ್ದು.

ನೀನು ಮೊದಲ ಪತ್ರದಲ್ಲೇ ಆ ಪೆನ್ನು ಇನ್ನೂ ಟ್ರಂಕಿನಲ್ಲಿದೆ ಎಂದು ಬರೆದೆ. ಅದನ್ನು ಓದಿ ಪತ್ರವನ್ನು ಮಡಚಿ ಅಂಗಡಿಯ ಗಲ್ಲಾಪೆಟ್ಟಿಗೆಯಡಿ ಇಟ್ಟುಬಿಟ್ಟೆ. ನಿನ್ನ ಕೆಲಸ ಉಳಿಸುವ ಮಾತು ನನ್ನ ಬಾಯಲ್ಲಿತ್ತು, ನನ್ನ ಮಾನ ಉಳಿಸಿಕೊಳ್ಳಲು ನುಂಗಿದೆ.

ಈ ಪತ್ರವನ್ನು ಸಭೆಯಲ್ಲಿ ಓದಿಸು. ಒಂದು ಸಾಲೂ ಬಿಡಬೇಡ. ಕೆಳಗೆ ಪೂರ್ತಿ ಹೆಸರು ಬರೆದಿದ್ದೇನೆ.

ಕೃಷ್ಣ ಹನುಮಂತಪ್ಪ ಬಡಿಗೇರ
ನಿವೃತ್ತ ಮುಖ್ಯೋಪಾಧ್ಯಾಯ


ಜಾಲಿಕೆರೆ
5 ಅಕ್ಟೋಬರ್ 2025

ಮಾಸ್ತರರಿಗೆ,

ಪತ್ರ 23ಕ್ಕೆ ಬಂತು. ಓದಿ ಟಾಕಿಯ ಬುಡದಲ್ಲಿ ಕುಳಿತುಬಿಟ್ಟೆ. ಗೌಡರ ಓಣಿಯ ವಾಲ್ ನಿಲ್ಲಿಸುವುದು ಮರೆತು ನೀರೆಲ್ಲ ಮತ್ತೆ ಕೆರೆಗೆ ಹರಿಯಿತು. ಮನೆಗೆ ಬಂದು ಮಾವನವರಿಗೆ ಹೇಳಿದರೆ ನಕ್ಕರು. “ನನ್ನ ಮ್ಯಾಲೆ ಅರ್ಜಿ ಹಾಕಿದಾಕಿನ್ನ ಸೊಸಿ ಮಾಡಕೊಂಡೆ ನೋಡ” ಅಂತ ಕೋಲೂರಿಕೊಂಡು ಓಣಿಗೆಲ್ಲ ಹೇಳಿ ಬಂದರು.

ಸಭೆಯಲ್ಲಿ ಪಿಡಿಒ ಸಾಹೇಬರು ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಿದರು. ಮೂಲ ಅರ್ಜಿ ತರಿಸಿ, ನನ್ನಿಂದ ನಾಲ್ಕು ‘ಳ’ ಬರೆಸಿ ಪಕ್ಕದಲ್ಲಿಟ್ಟು ನೋಡಿದರು. ಕನಕಪ್ಪ ಎದ್ದು ನಿಂತು, “ಅಂದ್ರ ನಿಮ್ಮ ಮ್ಯಾಲೆ ನೀವ ಅರ್ಜಿ ಹಾಕೀರೇನ್ರಿ? ಇಂಥಾದು ನಾ ಕೇಳಿದ್ದಿಲ್ಲ ಬಿಡ್ರಿ” ಅಂದ. ಎಲ್ಲರೂ ನಕ್ಕರು. ಭೀಮಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎರಡು ತಿಂಗಳ ಮೇಲೆ ಊರು ನನ್ನ ಜೊತೆ ನಕ್ಕಿತು. ಸಾಹೇಬರು ನನ್ನ ನೋಟೀಸು ವಾಪಸ್ ತೆಗೆದುಕೊಂಡರು, ಕೀಲಿಕೈ ನನ್ನಲ್ಲೇ ಉಳಿಯಿತು.

ಅಲ್ಲಿಗೆ ನಾನು ಕುಳಿತುಬಿಡಬಹುದಿತ್ತು. ನಿಮ್ಮ ಪತ್ರದ ‘ಎರಡನೇ ಅರ್ಜಿ’ ಎಂಬ ಸಾಲನ್ನು ಅವರು ಓದಿದರೂ ಯಾರೂ ಅದನ್ನು ಹಿಡಿಯಲಿಲ್ಲ. ಆಮೇಲೆ ಸಾಹೇಬರು ವಿಜಯಲಕ್ಷ್ಮಿಯವರ ಕಾಗದ ಕೈಗೆತ್ತಿಕೊಂಡರು. ಅವರು ಎದ್ದು ನಿಂತರು. ಕೈಯಲ್ಲಿ ಬಾಗಿಲು ತೆಗೆದ ಹೊತ್ತು ಬರೆದಿಟ್ಟ ರಿಜಿಸ್ಟರ್ ಇತ್ತು, ಪುಟ ತಿರುವಿ ಎಲ್ಲರಿಗೂ ತೋರಿಸತೊಡಗಿದರು. ನೋಡಲಾಗಲಿಲ್ಲ, ಮಾಸ್ತರರೇ. ನಾನೂ ಎದ್ದೆ.

“ಅದನ್ನೂ ನಾನ ಬರದದ್ರಿ. ಎಲ್ಲಾ ಸುಳ್ಳು ಐತ್ರಿ.”

ಯಾರೂ ನಗಲಿಲ್ಲ. ಸಾಹೇಬರು ವಿಜಯಲಕ್ಷ್ಮಿಯವರ ಕಡೆ ತಿರುಗಿ, “ಏನ ಕ್ರಮ ಬೇಕಂತೀರಿ ಮೇಡಮ್?” ಎಂದು ಕೇಳಿದರು. ಅವರು ನನ್ನನ್ನು ನೋಡಿ ಮೆಲ್ಲಗೆ ಹೇಳಿದರು:

“ನನಗ ಊರಾಗ ಎಲ್ಲಾರ ಮ್ಯಾಲೆ ಸಂಶೇ ಬಂದಿತ್ರಿ ಹುಲಗಮ್ಮ ಅವ್ರ. ನಿಮ್ಮ ಮ್ಯಾಲೆ ಮಾತ್ರ ಬರಲಿಲ್ಲ. ಅರ್ಜಿಯಾಗ ‘ತೆಗೆಯುತ್ತಾಳೆ, ಸಾಗಿಸುತ್ತಾಳೆ’ ಅಂತ ಇತ್ತಲ್ರಿ. ನೀವು ಎಂದೂ ನನ್ನ ಹಂಗ ಅಂದಾವರಲ್ಲ.”

ಅಷ್ಟೇ. ರಿಜಿಸ್ಟರ್ ಎತ್ತಿಕೊಂಡು ಹೋದರು. ಅವರು ಬೈದಿದ್ದರೆ, ಹೊಡೆದಿದ್ದರೆ ಚಲೋ ಇತ್ತು. ನಾನು ಗೌರವ ಕಂಡಲ್ಲಿ ಕಳ್ಳತನ ಹುಡುಕಿದೆ, ಅವರು ಕಳ್ಳತನದ ಕಾಗದದಲ್ಲೂ ನನ್ನ ಗೌರವ ನಂಬಿದರು. ಮರುದಿನ ಕ್ಷಮಾಪಣೆ ಬರೆದು, ಹೆಸರು ಹಾಕಿ, ಪಂಚಾಯಿತಿ ಗೋಡೆಗೆ ನಾನೇ ಅಂಟಿಸಿ ಬಂದೆ. ಊರೆಲ್ಲ ಓದಿತು. ಅವರು ಓದಿದರೋ ಇಲ್ಲವೋ ತಿಳಿಯಲಿಲ್ಲ.

ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಪೆಟ್ಟಿಗೆ ತೆರೆಯುವುದಿಲ್ಲ ಎಂದು ಗೊತ್ತಿದ್ದೂ ಮಕ್ಕಳ ಕಾಗದ ಅದರಲ್ಲಿ ಹಾಕಿದಿರಲ್ಲ, ಅದು ಪೆನ್ನಿನ ಸುಳ್ಳಿಗಿಂತ ದೊಡ್ಡದು. ಪೆನ್ನನ್ನು ನಿಮಗೆ ವಾಪಸ್ ಕಳಿಸಲು ಕಾಗದದಲ್ಲಿ ಸುತ್ತಿದ್ದೆ. ಆಮೇಲೆ ಬಿಚ್ಚಿ ಮಸಿ ತುಂಬಿಸಿದೆ. ಇಪ್ಪತ್ತೆರಡು ವರ್ಷ ಟ್ರಂಕಿನಲ್ಲಿದ್ದರೂ ಬರೆಯಿತು. ಇದು ಅದೇ ಪೆನ್ನಿನ ಅಕ್ಷರ. ಅಧ್ಯಕ್ಷರು ಕೊಡದಿದ್ದರೂ ಯಾರೋ ಒಬ್ಬರು ನನಗಾಗಿ ಕುಷ್ಟಗಿಯವರೆಗೆ ಹೋಗಿ ತಂದಿದ್ದರಲ್ಲ ಎಂದು ಕೊಂಚ ಸಮಾಧಾನ ಮಾಡಿಕೊಂಡಿದ್ದೇನೆ. ಪೂರ್ತಿ ಆಗಿಲ್ಲ.

ಮೊನ್ನೆ ಗುರುವಾರ ದಸರೆಯ ಬನ್ನಿ ಹಬ್ಬ. ಸಂಜೆ ಊರೆಲ್ಲ ಕೆರೆ ಒಡ್ಡಿನ ಮೇಲೆ ಸೇರಿ ಬನ್ನಿ ಎಲೆ ಕೊಟ್ಟು ತೆಗೆದುಕೊಂಡರು. ಜಗಳ ಆಡಿದವರೂ ಆ ಹೊತ್ತು ಮಾತಾಡಲೇಬೇಕು, ನಿಮಗೆ ಗೊತ್ತಲ್ಲ. ನಾನು ಟಾಕಿಯ ಮೆಟ್ಟಿಲ ಹತ್ತಿರ ನಿಂತಿದ್ದೆ. ವಿಜಯಲಕ್ಷ್ಮಿಯವರು ಒಬ್ಬೊಬ್ಬರಿಗೇ ಕೊಡುತ್ತ ಬಂದರು. “ಬನ್ನಿ ತಗೋರಿ ಕನಕಪ್ಪ ಅವ್ರ. ತಗೋರಿ ಭೀಮಕ್ಕ ಅವ್ರ.” ನನ್ನ ಮುಂದೆ ಬಂದು ನಿಂತರು. ಕೈಯಲ್ಲಿ ಎಲೆ ಇಟ್ಟರು.

“ಬನ್ನಿ ತಗೋ ಹುಲಗಮ್ಮ.”

ಮಾಸ್ತರರೇ, ‘ತಗೋರಿ’ ಅಲ್ಲ. ‘ತಗೋ.’ ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಬಹುವಚನ ಬಿಟ್ಟದ್ದು ಸಿಟ್ಟಿಗೋ, ಸಲಿಗೆಗೋ? ಬಹುವಚನ ಕಲಿಸಿದವರು ನೀವು, ನೀವಾದರೂ ಹೇಳಿ ಎಂದು ಬರೆಯಲು ಕುಳಿತೆ. ಬರೆಯುತ್ತ ಬರೆಯುತ್ತ ಬೇಡ ಅನ್ನಿಸಿತು. ಈ ಸಲ ಅವರನ್ನೇ ಕೇಳುತ್ತೇನೆ. ನಾಳೆ ಗ್ರಂಥಾಲಯದ ಓಣಿಯ ಪಾಳಿ. ವಾಲ್ ತಿರುವಿ, ನೀರು ಬಂತೇ ಎಂದು ನೋಡುವ ನೆಪದಲ್ಲಿ ಹೋಗಿ, ಆ ಮೆಟ್ಟಿಲ ಮೇಲೆ ಕುಳಿತು ಬಾಯಿ ಬಿಟ್ಟು ಕೇಳುತ್ತೇನೆ.

ಇಂತಿ,
ಹುಲಗಮ್ಮ ವಿರುಪಾಕ್ಷಿ ವಾಲೀಕಾರ
ನೀರು ಬಿಡುವವಳು, ಜಾಲಿಕೆರೆ